ಒಂದೊಂದು ಬೆಟ್ಟಕ್ಕೂ ಒಂದೊಂದು ಕಪ್ಪೆ

ಜೂನ್ ಬಂತೆಂದರೆ ಪುಣೆಯ ನಮ್ಮ ಐಟಿ ಮಂದಿಗೆ ವಾರಾಂತ್ಯ ಎಂದರೆ ಘಟ್ಟ. ತಾಮ್ಹಿಣಿ, ಮಾಳಶೇಜ್, ಒಂದು ದಿನ ಹೆಚ್ಚು ರಜೆ ಸಿಕ್ಕರೆ ಅಂಬೋಲಿ. ಬೆಳಗಾವಿ ಕಡೆಯವರಿಗಂತೂ ಅಂಬೋಲಿ ಹೊಸದಲ್ಲ. ಸಾವಂತವಾಡಿಗೆ ಇಳಿಯುವ ದಾರಿಯ ಜಲಪಾತ, ಮಂಜು, ಬಿಸಿ ಭಜಿ ಎಲ್ಲರಿಗೂ ಗೊತ್ತು. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಅಲ್ಲಿನ ಒಂದು ಪುಟ್ಟ ನೆಲಗಪ್ಪೆ.

ಮೈಮೇಲಿನ ಹಳದಿ ಪಟ್ಟೆಗಳಿಂದಾಗಿ ಅದಕ್ಕೆ ಹುಲಿಯ ಹೆಸರೇ ಬಂದಿದೆ: ಕ್ಸಾಂಥೋಫ್ರೈನ್ ಟೈಗರಿನಾ. ಎಸ್.ಡಿ. ಬಿಜು ಮತ್ತು ಸಂಗಡಿಗರು 2009ರಲ್ಲಿ ಇದನ್ನು ಹೊಸ ಜಾತಿಯೆಂದು ಗುರುತಿಸಿದರು. ಮಳೆಗಾಲದಲ್ಲಿ ಮುರಕಲ್ಲಿನ ಹಾಸಿನ ತಗ್ಗುಗಳಲ್ಲಿ ನಿಲ್ಲುತ್ತದಲ್ಲ, ಆ ಚೂರು ನೀರಿನಲ್ಲೇ ಇದರ ಮೊಟ್ಟೆ, ಗೊದಮೊಟ್ಟೆ ಎಲ್ಲ. ಹತ್ತಿರದ ನೆಂಟ ಇರುವುದು ಕೊಯ್ನಾದಲ್ಲಿ. ಅದಕ್ಕೆ 1963ರಲ್ಲೇ ಹೆಸರಿಟ್ಟಾಗಿತ್ತು. ಕುಲ ಒಂದೇ, ಜಾತಿ ಬೇರೆ. ಕೊಯ್ನಾದಿಂದ ಅಂಬೋಲಿಗೆ ನಮಗೆ ಕೆಲವು ಗಂಟೆಗಳ ದಾರಿ. ಕಪ್ಪೆಗೆ ಅದು ದಾಟಲಾಗದ ದೂರ.

ಯಾಕೆ ದಾಟಲಾಗದು? ಕಪ್ಪೆಯ ಚರ್ಮ ಸದಾ ಒದ್ದೆಯಾಗಿರಬೇಕು. ತಂಪು ಬೆಟ್ಟದ ಮೇಲಿರುವ ಕಪ್ಪೆಗೆ ನಡುವಿನ ಬಿಸಿ, ಒಣ ತಗ್ಗು ಪ್ರದೇಶ ಸಮುದ್ರವಿದ್ದಂತೆ, ಬೆಟ್ಟದ ನೆತ್ತಿ ದ್ವೀಪವಿದ್ದಂತೆ. ಹಿಮಯುಗಗಳ ಕಾಲದಲ್ಲಿ ಇಲ್ಲಿನ ಹವೆ ಒಣಗಿ ಕಾಡುಗಳು ಕುಗ್ಗಿದಾಗ ಈ ದ್ವೀಪಗಳು ಇನ್ನಷ್ಟು ದೂರವಾದವು. ಹೀಗೆ ಬೇರೆಯಾದ ಗುಂಪುಗಳು ತಮ್ಮ ತಮ್ಮ ಬೆಟ್ಟದಲ್ಲೇ ಸಂಸಾರ ಮಾಡುತ್ತಾ, ತಲೆಮಾರುಗಳು ಉರುಳಿದಂತೆ ಬೇರೆಯೇ ಜಾತಿಗಳಾದವು. ಪಾಲಕ್ಕಾಡಿನ ಕಣಿವೆಯಂಥ ದೊಡ್ಡ ಬಿರುಕುಗಳ ಆಚೀಚೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕಣ್ಣಿಗೆ ಒಂದೇ ಥರ ಕಾಣುವ ಕಪ್ಪೆಗಳನ್ನು ಬೇರ್ಪಡಿಸುವುದು ಡಿಎನ್‌ಎ. ಹೆಚ್ಚಾಗಿ ಓದುವುದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ 16ಎಸ್ ಎಂಬ ತುಣುಕನ್ನು. ನಾವು ಎರಡು ಕೋಡ್ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬದಲಾಗಿದೆ ಎಂದು ನೋಡುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ. ಬದಲಾದ ಅಕ್ಷರಗಳು ಹೆಚ್ಚಿದ್ದರೆ ಕವಲು ಹಳೆಯದು. (ಒಂದೇ ತೊಂದರೆ, ಬದಲಾವಣೆ ಯಾಕೆ ಮಾಡಿದೆ ಎಂದು ಪ್ರಕೃತಿ ಕಾಮೆಂಟ್ ಬರೆದಿಡುವುದಿಲ್ಲ!)

ಈ ಕೆಲಸದಲ್ಲಿ ಪುಣೆಯದ್ದೂ ದೊಡ್ಡ ಪಾಲಿದೆ. ಇಲ್ಲಿನ ಗರವಾರೆ ಕಾಲೇಜಿನ ಆನಂದ ಪಾಧ್ಯೆ ಮತ್ತು ಸಂಗಡಿಗರು 2013ರಲ್ಲಿ ಮಹಾರಾಷ್ಟ್ರದ ಘಟ್ಟಗಳ ಒಂದು ಪೊದೆಗಪ್ಪೆಗೆ ಪುಣೆಯ ಪ್ರಾಣಿಶಾಸ್ತ್ರಜ್ಞ ಎಚ್.ವಿ. ಘಾಟೆ ಅವರ ಹೆಸರಿಟ್ಟರು: ರಾವೋರ್ಕೆಸ್ಟಿಸ್ ಘಾಟೈ. ಪೊದೆಗಪ್ಪೆಗಳಿಗೆ ಕೆರೆಯೇ ಬೇಡ. ಮೊಟ್ಟೆಯೊಳಗೇ ಗೊದಮೊಟ್ಟೆಯ ಹಂತ ಮುಗಿದು, ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2014ರಲ್ಲಿ ಈ ಕುಲದ ಒಂಬತ್ತು ಹೊಸ ಜಾತಿಗಳನ್ನು ಒಟ್ಟಿಗೆ ವಿವರಿಸಿತು.

ಆ ಕುಲದ ಹೆಸರಿನಲ್ಲಿರುವ 'ರಾವ್' ಯಾರು ಗೊತ್ತೇ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ, 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದ ಸಿ.ಆರ್. ನಾರಾಯಣ ರಾವ್. 2010ರಲ್ಲಿ ಕುಲಕ್ಕೆ ಆ ಹೆಸರಿಟ್ಟವರಲ್ಲಿ ಬಿಜು ಅವರ ಜೊತೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಯೋಗೇಶ್ ಶೌಚೆ ಕೂಡ ಇದ್ದರು. ರಾವ್ 1937ರಲ್ಲಿ ಕೊಡಗು, ಮಲೆನಾಡಿನ ಹಲವು ಕಪ್ಪೆಗಳನ್ನು ವರ್ಣಿಸಿದ್ದರು. ಆದರೆ ಕಾಲೇಜಿನಲ್ಲಿ ಇಟ್ಟಿದ್ದ ಆ ಮಾದರಿಗಳು ಕಳೆದುಹೋದವು. ಈಗ ಅವರ ಯಾವ ಕಪ್ಪೆ ಯಾವುದು ಎಂದು ಹೇಳಬೇಕಾದರೆ ಅವರು ಬರೆದ ಅದೇ ಜಾಗಕ್ಕೆ ಹೋಗಿ ಹುಡುಕಬೇಕು.

ನನ್ನನ್ನು ಕಾಡುವುದು ಇದೇ. ಬಯಲಿನ ಕಪ್ಪೆ ಒಂದು ಊರಲ್ಲಿ ಅಳಿದರೆ ಪಕ್ಕದ ಊರಿನದು ಬಂದು ಸೇರಬಹುದು. ಬೆಟ್ಟದ ಕಪ್ಪೆಗೆ ಪಕ್ಕದ ಊರೇ ಇಲ್ಲ. ಅಂಬೋಲಿಯ ನೆಲಗಪ್ಪೆ ಇಂದು ತೀವ್ರ ಅಪಾಯದ ಅಂಚಿನಲ್ಲಿರುವ ಜಾತಿ. ಮುರಕಲ್ಲಿನ ಹಾಸನ್ನು 'ಬಂಜರು' ಎಂದು ಬರೆದು ಕಟ್ಟಡಕ್ಕೋ ಪಾರ್ಕಿಂಗಿಗೋ ಕೊಟ್ಟರೆ ಅದರ ತೊಟ್ಟಿಲೇ ಹೋಯಿತು. ಮಳೆಯ ರಾತ್ರಿ ಟೈರಿನಡಿ ಸಿಗುವ ಕಪ್ಪೆಗಳ ಲೆಕ್ಕ ಬೇರೆ.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ 2014ರಲ್ಲಿ ಹೆಸರು ಪಡೆದ 'ಕುಂಬಾರ ಕಪ್ಪೆ'ಯನ್ನು ನೋಡಿ. ಗಂಡು ಕಪ್ಪೆ ಕೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಜಾತಿಯ ಹೆಸರನ್ನೇ 'ಕುಂಬಾರ' ಎಂದಿಟ್ಟರು. ಹಾಗಾಗಿ ಜಗತ್ತಿನ ಯಾವ ವಿಜ್ಞಾನಿಯೂ ಅದನ್ನು ಕನ್ನಡದಲ್ಲೇ ಕರೆಯಬೇಕು.