ಚಳಿಯಲ್ಲಿ ಬೆವರಿನ ಲೆಕ್ಕ

ಶೀತ ಪ್ರದೇಶಗಳಲ್ಲಿ ಬೆಟ್ಟ ಹತ್ತುವವರಿಗಾಗಿ ಹಾಗೂ ಬೇಟೆಗಾರರಿಗಾಗಿ ತಯಾರಾಗುವ ಉಡುಪು ಇಂದು ಜವಳಿ ಉದ್ಯಮದ ಒಂದು ಪ್ರತ್ಯೇಕ ಶಾಖೆಯೇ ಆಗಿದೆ. ಬೇಟೆಯು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ನಿಷಿದ್ಧ. ಅಮೆರಿಕ, ನಾರ್ವೆ ಮುಂತಾದೆಡೆ ಅದು ಪರವಾನಗಿ ಪಡೆದು ನಡೆಸುವ ಹವ್ಯಾಸ. ಆದರೂ ಈ ವಿಷಯ ನಮ್ಮ ಸದಸ್ಯರಿಗೆ ಹೊರತಾದುದಲ್ಲ. ಹಿಮಾಲಯದ ಚಾರಣಕ್ಕೆ ಹೋಗುವವರು ನಮ್ಮ ನಡುವೆ ಇದ್ದಾರೆ. ಸಿದ್ಧ ಉಡುಪು ತಯಾರಿಸುವವರೂ ಇದ್ದಾರೆ. ಇಬ್ಬರೂ ಮೊದಲು ಕೇಳುವ ಪ್ರಶ್ನೆ, "ಬಟ್ಟೆ ಎಷ್ಟು ದಪ್ಪ?" ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ.

ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಹಾಕುತ್ತದೆ. ಅದೇ ಮನುಷ್ಯ ಬೆನ್ನಿಗೆ ಹೊರೆ ಕಟ್ಟಿಕೊಂಡು ಏರು ಹತ್ತತೊಡಗಿದರೆ ಅದು 500 ವಾಟ್ ದಾಟಬಲ್ಲದು. ಕುಳಿತಾಗ ಹಿತವೆನಿಸುವ ದಪ್ಪ ಜರ್ಕಿನ್ ಹತ್ತುವಾಗ ಬೆವರು ಸುರಿಸುತ್ತದೆ. ಬೆವರು ಹೊರಹೋಗಲು ದಾರಿಯಿಲ್ಲದೆ ಒಳಬಟ್ಟೆ ನೆನೆಯುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುವುದರಿಂದ, ಶಿಖರದಲ್ಲಿ ವಿಶ್ರಮಿಸಲು ನಿಂತೊಡನೆ ಆ ಒದ್ದೆ ಬಟ್ಟೆಯೇ ಮೈಯ ಶಾಖವನ್ನು ಹೀರತೊಡಗುತ್ತದೆ. ದೇಹದ ಉಷ್ಣತೆ ಅಪಾಯದ ಮಟ್ಟಕ್ಕೆ ಕುಸಿದು ಪ್ರಾಣಕ್ಕೇ ಸಂಚಕಾರ ಬರುವುದು ಹೀಗೆ. ಆದುದರಿಂದ ಬಟ್ಟೆ ಎಷ್ಟು ಶಾಖವನ್ನು ಉಳಿಸುತ್ತದೆ ಎಂಬುದರಷ್ಟೇ, ಎಷ್ಟು ಆವಿಯನ್ನು ಹೊರಗೆ ಬಿಡುತ್ತದೆ ಎಂಬುದೂ ಮುಖ್ಯ.

ಮೈಗೆ ತಾಗುವ ಪದರಕ್ಕೆ ಹತ್ತಿ ಸಲ್ಲದು. ಅದು ನೀರು ಹಿಡಿದುಕೊಂಡು ಬೇಗ ಒಣಗದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿದರೂ ಕೈಗೆ ಒದ್ದೆಯೆನಿಸದು. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಇನ್ನೊಂದು ಉಪಾಯ ನಾರ್ವೆಯದು. 1933ರಲ್ಲಿ ಅಲ್ಲಿನ ಸೇನಾಧಿಕಾರಿ ಹೆನ್ರಿಕ್ ಬ್ರುನ್ ಮೀನಿನ ಬಲೆಯಿಂದ ಬನಿಯನ್ ಮಾಡಿ ತೊಟ್ಟರು. ತೂತುಗಳಲ್ಲಿ ನಿಂತ ಗಾಳಿ ಬೆಚ್ಚಗಿಡುತ್ತದೆ, ಆವಿ ತಡೆಯಿಲ್ಲದೆ ಹೊರಹೋಗುತ್ತದೆ. 1953ರ ಎವರೆಸ್ಟ್ ತಂಡದವರೂ ಬಲೆ ಬನಿಯನ್ ಒಯ್ದಿದ್ದರು.

ನಡುವಣ ಪದರದ ಕಥೆ ವ್ಯಾಪಾರಿಗಳು ತಿಳಿಯಲೇಬೇಕಾದದ್ದು. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದ ಮಾಲ್ಡೆನ್ ಮಿಲ್ಸ್ 1970ರ ದಶಕದ ಕೊನೆಯ ವೇಳೆಗೆ ಪಾಲಿಯೆಸ್ಟರ್ ಫ್ಲೀಸ್ ರೂಪಿಸಿತು. ಹಗುರ, ಬೇಗ ಒಣಗುತ್ತದೆ, ಗಾಳಿಯಾಡುತ್ತದೆ. ಆದರೆ ಮೂಲ ಬಟ್ಟೆಗೆ ಪೇಟೆಂಟ್ ಪಡೆಯಲಿಲ್ಲ. ಅನುಕರಣೆಯ ಮಾಲು ಜಗತ್ತಿನ ಮಾರುಕಟ್ಟೆ ತುಂಬಿತು. 1995ರ ಡಿಸೆಂಬರ್ 11ರಂದು ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಮಾಲೀಕ ಆರನ್ ಫ್ಯೂರ್‌ಸ್ಟೀನ್ ಕೆಲಸವಿಲ್ಲದೆ ಕುಳಿತ ಕಾರ್ಮಿಕರಿಗೆ ತಿಂಗಳುಗಟ್ಟಲೆ ವೇತನ ಕೊಟ್ಟು, ಅದೇ ಊರಿನಲ್ಲಿ ಮತ್ತೆ ಕಾರ್ಖಾನೆ ಕಟ್ಟಿದರು. 2001ರಲ್ಲಿ ಸಂಸ್ಥೆ ದಿವಾಳಿ ರಕ್ಷಣೆ ಕೋರಿತು. ಔದಾರ್ಯವೇ ಮುಳುವಾಯಿತೆಂದು ಆಡಿಕೊಂಡವರುಂಟು. ಲೆಕ್ಕಪರಿಶೋಧಕನಾಗಿ ನಾನು ಅದನ್ನು ಒಪ್ಪಲಾರೆ. ಮರುನಿರ್ಮಾಣದ ಸಾಲ ಮತ್ತು ಅಗ್ಗದ ಪೈಪೋಟಿ, ಇವೆರಡರ ಹೊರೆಯೇ ದೊಡ್ಡದು. 2007ರಲ್ಲಿ ಎರಡನೆಯ ಬಾರಿ ದಿವಾಳಿಯಾದ ಬಳಿಕ ಉಳಿದ ವ್ಯವಹಾರ ಪೋಲಾರ್‌ಟೆಕ್ ಹೆಸರಿನಲ್ಲಿ ಮುಂದುವರಿದು, 2019ರಲ್ಲಿ ಮಿಲ್ಲಿಕೆನ್ ಸಂಸ್ಥೆಯ ಪಾಲಾಯಿತು.

ಅದೇ ಪೋಲಾರ್‌ಟೆಕ್ ಅಮೆರಿಕದ ವಿಶೇಷ ಪಡೆಗಳಿಗಾಗಿ ಆಲ್ಫಾ ಎಂಬ ತುಂಬು ಪದಾರ್ಥವನ್ನು ತಯಾರಿಸಿತು. ಓಡುವ, ನಿಲ್ಲುವ, ಮತ್ತೆ ಓಡುವ ಸೈನಿಕನು ಪದೇಪದೇ ಜರ್ಕಿನ್ ಕಳಚಲಾರ. ಆದ್ದರಿಂದ ಹೊರಬಟ್ಟೆಯೂ ಒಳಬಟ್ಟೆಯೂ ಗಾಳಿ ಬಿಡುವಂತಿರಬೇಕು. ಹಕ್ಕಿಯ ಮೃದುಗರಿ ತುಂಬಿದ ಜರ್ಕಿನ್‌ಗೆ ಗರಿ ಹೊರಬಾರದಂತೆ ಒತ್ತಾದ ನೇಯ್ಗೆ ಬೇಕು. ಅದು ಕುಳಿತವನಿಗೆ ಸರಿ, ನಡೆಯುವವನಿಗಲ್ಲ. ಗಾಳಿ ಹಾಯುವ ಪ್ರಮಾಣವನ್ನು ಒಂದು ಚದರ ಅಡಿಗೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು ಅಳೆಯುತ್ತಾರೆ. ಜಿಎಸ್‌ಎಂ ನೋಡಿಯೇ ಬೆಲೆ ಕಟ್ಟುವ ನಮ್ಮ ತಯಾರಕರು ಈ ಅಂಕಿಯನ್ನೂ ಗಿರಣಿಯವರಿಂದ ಕೇಳಿ ಪಡೆಯುವುದು ಒಳಿತು.

ಬೇಟೆಗಾರನ ಅಗತ್ಯ ಸ್ವಲ್ಪ ಬೇರೆ. ಅವನು ಮುಂಜಾನೆ ಗಂಟೆಗಟ್ಟಲೆ ಏರು ಹತ್ತಿ, ಅನಂತರ ಅಲುಗಾಡದೆ ಕೂರುತ್ತಾನೆ. ಆದ್ದರಿಂದ ಹತ್ತುವಾಗ ತೆಳ್ಳಗೆ ತೊಟ್ಟು, ದಪ್ಪ ಪದರವನ್ನು ಚೀಲದಲ್ಲಿ ಒಣಗಿಟ್ಟು, ಕುಳಿತ ಮೇಲೆ ಧರಿಸುತ್ತಾನೆ. ನೈಲಾನ್ ಸರಬರ ಸದ್ದು ಮಾಡಿದರೆ ಜಿಂಕೆ ಓಡಿಹೋಗುವುದರಿಂದ, ಹೊರಮೈ ಉಣ್ಣೆ ಅಥವಾ ಉಜ್ಜಿ ಮೃದುಗೊಳಿಸಿದ ಬಟ್ಟೆಯದಾಗಿರಬೇಕು.

ಕೊನೆಯದಾಗಿ ತೆರಿಗೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಮೌಲ್ಯ 2,500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ಅಂದರೆ 2,500 ರೂಪಾಯಿಯ ಫ್ಲೀಸ್ ಗ್ರಾಹಕನಿಗೆ 2,625 ರೂಪಾಯಿಗೆ ದೊರೆತರೆ, ಕೇವಲ ಒಂದು ರೂಪಾಯಿ ಹೆಚ್ಚಿನ ಬೆಲೆಯದು 2,951 ರೂಪಾಯಿ ಆಗುತ್ತದೆ. ಪದರ ಪದರವಾಗಿ ಬಿಡಿಬಿಡಿಯಾಗಿ ಮಾರುವವನಿಗೆ ಇಲ್ಲಿ ಅನುಕೂಲವಿದೆ; ದಪ್ಪದೊಂದೇ ಜರ್ಕಿನ್ ಮಾರುವವನು ದರ ನಮೂದಿಸುವ ಮುನ್ನ ಇನ್ನೊಮ್ಮೆ ಕೂಡಿ ಕಳೆದು ನೋಡಬೇಕು.