ಓದುವವರ ಮುಂದೆ ಆರಿಹೋಗುವ ಸ್ಕ್ರೀನ್

ಐಟಿಯವನು ಅಂದಮೇಲೆ ನೆಂಟರಿಷ್ಟರ ಪ್ರಿಂಟರ್, ವೈಫೈ, ಮರೆತುಹೋದ ಪಾಸ್‌ವರ್ಡ್ ಎಲ್ಲವೂ ನಮ್ಮ ಕೊರಳಿಗೇ. ಪುಣೆಗೆ ಬಂದಾಗಿನಿಂದ ನನ್ನ ಶನಿವಾರಗಳು ಅರ್ಧ ಹೀಗೇ ಕಳೆದಿವೆ. ಪದೇ ಪದೇ ಕೇಳುವ ದೂರು ಒಂದಿದೆ: "ಎರಡು ನಿಮಿಷ ಸುಮ್ಮನೆ ಬಿಟ್ಟರೆ ಸ್ಕ್ರೀನ್ ಆರಿಹೋಗುತ್ತೆ, ಲ್ಯಾಪ್‌ಟಾಪ್ ಕೆಟ್ಟಿದೆಯಾ?" ಬಹುತೇಕ ಕೆಟ್ಟಿರುವುದಿಲ್ಲ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ಸೆಟ್ಟಿಂಗ್ಸ್ ಒಳಗೆ ಹತ್ತು ನಿಮಿಷ ಕಳೆದರೆ ಸಾಕು.

ಕಂಪ್ಯೂಟರಿನ ಲೆಕ್ಕದಲ್ಲಿ "ಸುಮ್ಮನಿರುವುದು" ಅಂದರೆ ಕೀಲಿಮಣೆ ಮತ್ತು ಮೌಸ್ ಮುಟ್ಟದೆ ಇರುವುದು. ಕೊನೆಯ ಸಲ ಮುಟ್ಟಿ ಎಷ್ಟು ಹೊತ್ತಾಯಿತು ಎಂದು ಅದು ಎಣಿಸುತ್ತಿರುತ್ತದೆ. ನೀವು ಎದುರಿಗೆ ಕೂತು ಓದುತ್ತಿದ್ದೀರೋ, ಎದ್ದು ಚಹಾ ಮಾಡಲು ಹೋದಿರೋ, ಅದಕ್ಕೆ ಎರಡೂ ಒಂದೇ. (ಎದುರಿಗೆ ಮುಖ ಇದೆಯೇ ಎಂದು ನೋಡುವ ಸೆನ್ಸರ್ ಇರುವ ಲ್ಯಾಪ್‌ಟಾಪ್‌ಗಳು ಬಂದಿವೆ, ಆದರೆ ನಮ್ಮ ಮನೆಗಳಲ್ಲಿರುವ ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ.) ಸಿನಿಮಾ ನೋಡುವಾಗ ಯಾಕೆ ಆರುವುದಿಲ್ಲ ಎಂದರೆ, ವಿಡಿಯೊ ತೋರಿಸುವ ಪ್ರೋಗ್ರಾಂ "ನಾನು ಮುಗಿಸುವ ತನಕ ಪರದೆ ಆರಿಸಬೇಡ" ಎಂದು ವಿಂಡೋಸ್‌ಗೆ ಕೇಳಿಕೊಂಡಿರುತ್ತದೆ. ಪವರ್‌ಪಾಯಿಂಟ್ ಸ್ಲೈಡ್ ಶೋ ಕೂಡ ಹಾಗೇ. ಪಿಡಿಎಫ್ ಪುಸ್ತಕ, ಇ-ಪೇಪರ್ ತೆರೆದಾಗ ಸಾಮಾನ್ಯವಾಗಿ ಹಾಗೆ ಕೇಳುವವರು ಯಾರೂ ಇಲ್ಲ. ಹಾಗಾಗಿ ಈ ತೊಂದರೆ ಹೆಚ್ಚಾಗಿ ತಟ್ಟುವುದು ನಿಧಾನವಾಗಿ ಓದುವವರಿಗೆ.

ನಮ್ಮ ಅವ್ವನಿಗೆ ತಟ್ಟಿದ್ದೂ ಹೀಗೆ. ಧಾರವಾಡದಿಂದ ನಮ್ಮಲ್ಲಿಗೆ ಬಂದಮೇಲೆ ಆಕೆಯ ಕನ್ನಡ ಓದೆಲ್ಲ ನನ್ನ ಹಳೆಯ ಲ್ಯಾಪ್‌ಟಾಪ್ ಮೇಲೆ. ಪೇಪರಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ, ಪರದೆಯ ಮೇಲಾದರೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಒಂದು ಪುಟಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಒಂದು ವಾರ ಆಕೆ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಕೇಳಿದರೆ, "ನಾ ಏನೋ ತಪ್ಪ ಒತ್ತಿದ್ನೋ ಏನೋ, ಆರಿ ಹೋಗ್ತೈತಪಾ. ನೀ ಮೀಟಿಂಗ್‌ನ್ಯಾಗ ಇರ್ತಿ, ಎಷ್ಟ್ ಸಲ ಕರೀಲಿ?" ಅಂದಳು. ನಮಗೆ ಮೌಸ್ ಅಲ್ಲಾಡಿಸಿ ಮರೆತುಬಿಡುವಷ್ಟು ಸಣ್ಣ ವಿಷಯ. ಹೊಸದಾಗಿ ಕಲಿತವರಿಗೆ ಅದು ತಾವೇ ಯಂತ್ರ ಕೆಡಿಸಿದ ಹಾಗೆ ಕಾಣುತ್ತದೆ. ಪರ ಊರಿನಲ್ಲಿ ದಿನವಿಡೀ ಫ್ಲ್ಯಾಟಿನೊಳಗೆ ಇರುವ ಆಕೆಗೆ ಉಳಿದಿದ್ದ ಓದೂ ಹೀಗೆ ನಿಂತಿತ್ತು.

ನೋಡಿದರೆ ಪ್ಲಗ್ ಹಾಕಿದಾಗಿನ ಅವಧಿ 30 ನಿಮಿಷ ಇತ್ತು, ಬ್ಯಾಟರಿಯ ಅವಧಿ 3 ನಿಮಿಷ. ಚಾರ್ಜರ್ ಯಾವಾಗಲೂ ಸಿಕ್ಕಿಸಿಯೇ ಇರುತ್ತದಲ್ಲ ಎಂದು ಗೋಡೆಯ ಕಡೆ ನೋಡಿದೆ. ಸ್ವಿಚ್ ಆಫ್! "ಚಾರ್ಜ್ ತುಂಬೈತಲ್ಲ, ಮತ್ಯಾಕ ಕರೆಂಟ್ ಸುಡೋದು?" ಎಂದಳು ಅವ್ವ. ಆಕೆಯ ವಾದದಲ್ಲಿ ತಪ್ಪೇನೂ ಇರಲಿಲ್ಲ. ಬ್ಯಾಟರಿಯ ಅವಧಿಯನ್ನೂ 20 ನಿಮಿಷ ಮಾಡಿದೆ, ಮುಗಿಯಿತು. ಸಡಿಲವಾದ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೂ ಇದೇ ಕಥೆ: ಸಂಪರ್ಕ ತಪ್ಪಿದ ಕೂಡಲೇ ಲ್ಯಾಪ್‌ಟಾಪ್ ಸದ್ದಿಲ್ಲದೆ ಬ್ಯಾಟರಿಯ ನಿಯಮಕ್ಕೆ ಜಾರುತ್ತದೆ. "ಒಮ್ಮೊಮ್ಮೆ ಮಾತ್ರ ಬೇಗ ಆರುತ್ತೆ" ಎನ್ನುವವರು ಮೊದಲು ಪ್ಲಗ್ ನೋಡಿಕೊಳ್ಳಿ.

ವಿಂಡೋಸ್ 11ರಲ್ಲಿ ದಾರಿ ಹೀಗೆ: ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿ. ವಿಂಡೋಸ್ 10ರಲ್ಲಿ ಅದರ ಹೆಸರು ಪವರ್ ಅಂಡ್ ಸ್ಲೀಪ್. ಅಲ್ಲಿ ಸ್ಕ್ರೀನ್ ಆರುವ ಅವಧಿ ಬೇರೆ, ಸ್ಲೀಪ್ ಬೇರೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಗೊಂದು, ಪ್ಲಗ್‌ಗೊಂದು, ಒಟ್ಟು ನಾಲ್ಕು ಅಂಕಿ. ಸ್ಕ್ರೀನ್‌ಗೆ 30 ನಿಮಿಷ ಕೊಟ್ಟು ಸ್ಲೀಪ್ 10ರಲ್ಲೇ ಬಿಟ್ಟರೆ ಹತ್ತನೇ ನಿಮಿಷಕ್ಕೆ ಯಂತ್ರವೇ ಮಲಗುತ್ತದೆ, ಜೊತೆಗೆ ಪರದೆಯೂ. ಸ್ಲೀಪ್ ಅವಧಿ ಯಾವಾಗಲೂ ಸ್ಕ್ರೀನ್ ಅವಧಿಗಿಂತ ದೊಡ್ಡದಿರಲಿ.

ಇಷ್ಟು ಮಾಡಿದರೂ ಆರುತ್ತಿದೆಯೇ? ಹಾಗಾದರೆ ಯಾವ ಬಗೆಯ ಕತ್ತಲೆ ಎಂದು ನೋಡಬೇಕು. ಮೌಸ್ ಅಲ್ಲಾಡಿಸಿದ ತಕ್ಷಣ ಬಿಟ್ಟ ಪುಟವೇ ಕಂಡರೆ ಪರದೆ ಆರಿತ್ತು ಅಷ್ಟೆ, ಇಲ್ಲವೇ ಕಪ್ಪು ಸ್ಕ್ರೀನ್ ಸೇವರ್ ಬಂದಿತ್ತು. ಸೇವರ್‌ಗೆ ತನ್ನದೇ ಬೇರೆ ಗಡಿಯಾರ ಇರುತ್ತದೆ, ಸ್ಟಾರ್ಟ್ ಪಕ್ಕದ ಹುಡುಕು ಪೆಟ್ಟಿಗೆಯಲ್ಲಿ "ಸ್ಕ್ರೀನ್ ಸೇವರ್" ಎಂದು ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಪವರ್ ಬಟನ್ ಒತ್ತಿದ ಮೇಲೇ ಎದ್ದರೆ ಅದು ಸ್ಲೀಪ್. ಬೇರೆ ಮಾನಿಟರ್ ಇದ್ದು "ನೋ ಸಿಗ್ನಲ್" ಎಂದರೆ ಮೊದಲು ಕೇಬಲ್ ಒತ್ತಿ ನೋಡಿ.

ಇನ್ನೊಂದು ಬಗೆ ಬಹಳ ಜನರನ್ನು ಸತಾಯಿಸುತ್ತದೆ. ಪಾಸ್‌ವರ್ಡ್ ಕೇಳುವ ಲಾಕ್ ಪರದೆ ಬಂದು ಒಂದೇ ನಿಮಿಷಕ್ಕೆ ಆರಿಹೋಗುತ್ತದೆ, ನೀವು 30 ನಿಮಿಷ ಇಟ್ಟಿದ್ದರೂ. ಲಾಕ್ ಪರದೆಗೆ ಬೇರೆಯೇ ಅವಧಿ ಇದೆ, ಅದನ್ನು ವಿಂಡೋಸ್ ಮೊದಲಿನಿಂದಲೂ ಮರೆಯಲ್ಲಿಟ್ಟಿದೆ. ರಿಜಿಸ್ಟ್ರಿಯಲ್ಲಿ ಒಂದು ಅಂಕಿ ತಿದ್ದಿದರೆ ಅದು ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ರಿಜಿಸ್ಟ್ರಿ ಎಂಬ ಹೆಸರು ಕೇಳಿದ್ದು ಇದೇ ಮೊದಲಾದರೆ ನೀವು ಅದಕ್ಕೆ ಕೈ ಹಾಕಬೇಡಿ, ಗೊತ್ತಿದ್ದವರಿಗೆ ಒಂದು ಚಹಾ ಕುಡಿಸಿ ಮಾಡಿಸಿಕೊಳ್ಳಿ.

ಆಫೀಸಿನ ಲ್ಯಾಪ್‌ಟಾಪ್ ಮಾತು ಬೇರೆ. ಅಲ್ಲಿ ಅವಧಿಯನ್ನು ಕಂಪನಿಯೇ ನಿಗದಿ ಮಾಡಿರುತ್ತದೆ, ನೀವು ಬದಲಿಸಿದರೂ ಉಳಿಯದು. ಮನೆಯಿಂದ ಕೆಲಸ ಮಾಡುವವರು ಹೆಸರಿನ ಮುಂದಿನ ಹಸಿರು ಚುಕ್ಕೆ ಹಳದಿಯಾಗದಿರಲಿ ಎಂದು ಮೌಸನ್ನು ತಾನಾಗಿ ಅಲ್ಲಾಡಿಸುವ ಸಾಧನ ಕೊಳ್ಳುವುದನ್ನು ಕಂಡಿದ್ದೇನೆ. ಸಂಕಟ ಅರ್ಥವಾಗುತ್ತದೆ, ಆದರೂ ಬೇಡ. ತೆರೆದ ಪರದೆಯ ಮೇಲೆ ಗ್ರಾಹಕರ ಮಾಹಿತಿ ಇರುತ್ತದೆ, ಕೇಳಿದರೆ ಉತ್ತರ ಕೊಡಬೇಕಾದವರು ನೀವು.

ಹಾಗೆಂದು ಎಲ್ಲ ಕಡೆ "ನೆವರ್" ಇಡುವುದನ್ನೂ ನಾನು ಒಪ್ಪುವುದಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಕಲೆ ಗಾಜಿನ ಹಿಂದಿನ ಲೇಪದಲ್ಲಿ ಉಳಿಯುತ್ತಿತ್ತು, ಸ್ಕ್ರೀನ್ ಸೇವರ್ ಹುಟ್ಟಿದ್ದೇ ಅದಕ್ಕೆ. 1992ರಲ್ಲಿ ಅಮೆರಿಕದಲ್ಲಿ ಎನರ್ಜಿ ಸ್ಟಾರ್ ಯೋಜನೆ ಮೊದಲು ಹಿಡಿದದ್ದೂ ಕಂಪ್ಯೂಟರ್ ಮತ್ತು ಮಾನಿಟರುಗಳನ್ನೇ, ವಿದ್ಯುತ್ ಉಳಿಸಲು. ಎಲ್‌ಸಿಡಿ ಬಂದು ಕಲೆಯ ಭಯ ಹೋಯಿತು, ಈಗ ಒಎಲ್‌ಇಡಿ ಬಂದು ಮತ್ತೆ ಮರಳಿದೆ. ಬ್ಯಾಟರಿಯಲ್ಲಂತೂ ಹೆಚ್ಚು ಕರೆಂಟ್ ತಿನ್ನುವವುಗಳಲ್ಲಿ ಪರದೆಯೂ ಒಂದು.

ನವೆಂಬರಿನಲ್ಲಿ ನಿಮ್ಮೂರ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹಾಡಿನ ಸಾಹಿತ್ಯವನ್ನು ಪಿಡಿಎಫ್‌ನಲ್ಲಿ ಪ್ರೊಜೆಕ್ಟರ್‌ಗೆ ಹಾಕುವವರಿದ್ದರೆ, ಅದನ್ನು ಪವರ್‌ಪಾಯಿಂಟ್‌ಗೆ ಹಾಕಿ ಸ್ಲೈಡ್ ಶೋದಲ್ಲಿ ತೋರಿಸಿ. ಇಲ್ಲವಾದರೆ ಆ ಮೂರು ಗಂಟೆ ಮಾತ್ರ "ನೆವರ್" ಇಟ್ಟು, ಕಾರ್ಯಕ್ರಮ ಮುಗಿದಮೇಲೆ ಮೊದಲಿನ ಹಾಗೆ ಮಾಡಿ. ಚಾರ್ಜರ್ ಹಾಕಿ, ಸ್ವಿಚ್ ಆನ್ ಇದೆಯೇ ನೋಡಿ.