ಇಂಜಿನ್ ಏಕೆ ಏರಿಳಿಯುತ್ತದೆ? ಮನೆಯಲ್ಲೇ ಗುರುತಿಸುವ ಬಗೆ



ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕಾದ ಪಶುವೈದ್ಯರು ಇಂಜಿನ್ನಿನ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ತಮಗೆ ಅನ್ನಿಸಬಹುದು. ಸನ್ನತಿಯ ಸುತ್ತಲಿನ ಭೀಮಾ ದಂಡೆಯ ಹಳ್ಳಿಗಳಲ್ಲಾಗಲಿ, ಸೇಡಂ, ಚಿತ್ತಾಪುರ ಕಡೆಯಾಗಲಿ, ಕರೆಂಟು ಹೊತ್ತಿಗೆ ಬಾರದ ದಿನ ಜೋಳದ ಕಣಕಿ ಕತ್ತರಿಸುವ ಯಂತ್ರವನ್ನು ತಿರುಗಿಸಲು ಡೀಸೆಲ್ಲಿನ ಆಯಿಲ್ ಇಂಜಿನ್ ಬೇಕು. ಹಾಲು ಕರೆಯುವ ಯಂತ್ರ ಕೊಂಡವರಿಗೆ ಸಣ್ಣ ಪೆಟ್ರೋಲ್ ಇಂಜಿನ್ ಬೇಕು. ಇಂಜಿನ್ ಒಂದೇ ಸಮ ಓಡದಿದ್ದರೆ ಮೊದಲನೆಯದರಲ್ಲಿ ನಿಮ್ಮ ಕೈಬೆರಳಿಗೆ ಅಪಾಯ, ಎರಡನೆಯದರಲ್ಲಿ ಆಕಳ ಮೊಲೆತೊಟ್ಟಿಗೆ. ಆದರೆ ಬಹಳಷ್ಟು ಸಲ ದೋಷ ಇರುವುದು ಇಂಜಿನ್ನಿನ ಹೊಟ್ಟೆಯೊಳಗಲ್ಲ, ಅದಕ್ಕೆ ನಾವು ಕೊಡುವ ಎಣ್ಣೆ ಮತ್ತು ಗಾಳಿಯಲ್ಲಿ.

ಮೊದಲು ಡೀಸೆಲ್ ಇಂಜಿನ್ ನೋಡೋಣ. ಅದನ್ನು ನಿಲ್ಲಿಸಿ ಬೆಲ್ಟು ಕಳಚಿರಿ. ಮತ್ತೆ ಚಾಲೂ ಮಾಡಿ, ಭಾರವಿಲ್ಲದೆ ಹತ್ತು ನಿಮಿಷ ಓಡಿಸಿ ಬಿಸಿಯಾಗಲು ಬಿಡಿರಿ. ಆಮೇಲೆ ಸುಮ್ಮನೆ ನಿಂತು ಕೇಳಿರಿ. ಆಕಳ ಎಡ ಪಕ್ಕೆಯ ಮೇಲೆ ಮುಷ್ಟಿಯಿಟ್ಟು ಹೊಟ್ಟೆಯ ಚಲನೆಯನ್ನು ನಾವು ಎಣಿಸುವುದಿಲ್ಲವೇ, ಹಾಗೆಯೇ ಇದಕ್ಕೂ ತಾಳ್ಮೆ ಬೇಕು.

ಸದ್ದು ಎರಡು ಬಗೆ. ಒಂದು, ತೊಟ್ಟಿಲು ತೂಗಿದಂತೆ ಕ್ರಮವಾಗಿ ಏರುವುದು, ಇಳಿಯುವುದು. ಇನ್ನೊಂದು, ಕ್ರಮವಿಲ್ಲದೆ ನಡುನಡುವೆ ಏಟು ತಪ್ಪುವುದು. ಕ್ರಮವಾದ ಏರಿಳಿತಕ್ಕೆ ಗವರ್ನರ್ ಸಂಬಂಧವಿರುತ್ತದೆ. ವೇಗ ಹೆಚ್ಚಿದಾಗ ಅದರ ತೂಕದ ಗುಂಡುಗಳು ಹೊರಕ್ಕೆ ಸರಿದು ಡೀಸೆಲ್ ಕಡಿಮೆ ಮಾಡುತ್ತವೆ. ವೇಗ ಇಳಿದಾಗ ಸ್ಪ್ರಿಂಗು ಹಿಂದಕ್ಕೆಳೆದು ಡೀಸೆಲ್ ಹೆಚ್ಚಿಸುತ್ತದೆ. ಜೇಮ್ಸ್ ವ್ಯಾಟ್ 1788ರಲ್ಲಿ ಆವಿಯಂತ್ರಕ್ಕೆ ಅಳವಡಿಸಿದ್ದೂ ಇಂಥದೇ ಉಪಾಯ. ಗವರ್ನರಿನ ಕಡ್ಡಿ ಜಿಡ್ಡುಗಟ್ಟಿ ಬಿಗಿಯಾಗಿದ್ದರೆ ಈ ತಿದ್ದುಪಡಿ ತಡವಾಗಿ ಆಗುತ್ತದೆ, ತಡವಾದದ್ದು ಅತಿಯೂ ಆಗುತ್ತದೆ. ಅದೇ ಓಲಾಟ. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದರೂ ಹೀಗೇ ಆಗಬಹುದು. ಏಟು ತಪ್ಪುತ್ತಿದ್ದರೆ ಡೀಸೆಲ್ಲಿನಲ್ಲಿ ನೀರು, ಕಟ್ಟಿದ ಫಿಲ್ಟರ್, ಕೆಟ್ಟ ನಾಜಲ್ ಅಥವಾ ಸರಿಯಾಗಿ ಮುಚ್ಚದ ವಾಲ್ವುಗಳನ್ನು ಶಂಕಿಸಬೇಕು.

ಈಗ ಖರ್ಚಿಲ್ಲದ ಪರೀಕ್ಷೆಗಳು. ಇಂಜಿನ್ ಕೆಲವು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿರಿ. ಕೂಡಲೇ ಚೇತರಿಸಿಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಒಂದು ಸೂಜಿ ಸಾಕು. ಮುಂದೆ, ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಯಲ್ಲಿ ಕಾಲು ಲೀಟರ್ ಡೀಸೆಲ್ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿರಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತೇವ ಹನಿಗಟ್ಟುವುದರಿಂದ, ಸಂಜೆಯೇ ಟ್ಯಾಂಕು ತುಂಬಿಸಿಡುವುದು ಮೇಲು. ಸೀಮೆಎಣ್ಣೆ ಬೆರೆಸುವ ಚಾಳಿ ಕೆಲವರಲ್ಲಿದೆ. ಅದರಲ್ಲಿ ಜಿಡ್ಡು ಕಡಿಮೆ. ಉಳಿಸಿದ ಹಣಕ್ಕಿಂತ ಸವೆದ ಪಂಪಿನ ರಿಪೇರಿ ದುಬಾರಿ.

ಕೊಳವೆಯ ಗಾಳಿ ತೆಗೆಯಲು ಇಂಜಿನ್ ನಿಲ್ಲಿಸಿ, ಫಿಲ್ಟರಿನ ಮೇಲಿನ ಚಿಕ್ಕ ಸ್ಕ್ರೂವನ್ನು ಸಡಿಲಿಸಿರಿ. ಟ್ಯಾಂಕು ಎತ್ತರದಲ್ಲಿದ್ದರೆ ಡೀಸೆಲ್ ತಾನಾಗಿಯೇ ಇಳಿದು, ಗುಳ್ಳೆಗಳೊಂದಿಗೆ ಹೊರಬರುತ್ತದೆ. ಗುಳ್ಳೆ ನಿಂತು ಸರಾಗವಾಗಿ ಬರತೊಡಗಿದಾಗ ಬಿಗಿ ಮಾಡಿರಿ. ಮರುದಿನ ಮತ್ತೆ ಗಾಳಿ ಸೇರಿದ್ದರೆ ಎಲ್ಲೋ ವಾಷರ್ ಅಥವಾ ಕೊಳವೆ ಸೋರುತ್ತಿದೆ. ಆದರೆ ಪಂಪಿನಿಂದ ನಾಜಲ್ಲಿಗೆ ಹೋಗುವ ಸಣ್ಣ ಉಕ್ಕಿನ ಕೊಳವೆಯ ಸೋರಿಕೆಯನ್ನು ಇಂಜಿನ್ ಓಡುವಾಗ ಬೆರಳಿನಿಂದ ಮುಟ್ಟಿ ನೋಡಬಾರದು. ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋ ದಾಟುತ್ತದೆ. ಡೀಸೆಲ್ ಚರ್ಮ ತೂರಿ ಒಳಸೇರಿದರೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಾಳಿಯ ವಿಷಯ ನಮ್ಮ ಭಾಗದಲ್ಲಿ ಹೆಚ್ಚು ಮುಖ್ಯ. ಶಹಾಬಾದಿನ ಪರ್ಸಿ ಕಲ್ಲು ಕೊಯ್ಯುವ, ಉಜ್ಜುವ ಕಡೆ ಏಳುವ ಧೂಳು, ವಾಡಿ ಮತ್ತು ಸೇಡಂ ಕಡೆ ಸಿಮೆಂಟು ಲಾರಿಗಳ ಧೂಳು, ತೊಗರಿ ರಾಶಿಯ ಕಾಲದಲ್ಲಿ ಹಾರುವ ಹೊಟ್ಟು, ಇವೆಲ್ಲ ಏರ್ ಫಿಲ್ಟರಿಗೆ ಸೇರುತ್ತವೆ. ಪುಸ್ತಕದಲ್ಲಿ ಬರೆದ ಅವಧಿ ನಮಗೆ ಸಾಲದು. ರಾಶಿಯ ದಿನಗಳಲ್ಲಿ ನಿತ್ಯ ನೋಡಬೇಕು. ಎಣ್ಣೆ ಬಟ್ಟಲಿನ ಫಿಲ್ಟರ್ ಆದರೆ ಕೆಸರಾದ ಎಣ್ಣೆ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿರಿ. ಹೆಚ್ಚು ತುಂಬಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಹತೋಟಿ ಮೀರಿ ಓಡಬಹುದು. ಅಂಥ ಹೊತ್ತಿನಲ್ಲಿ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದು. ಗಾಳಿ ಒಳಹೋಗುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಮುಚ್ಚಬೇಕು, ಕೈಯನ್ನಲ್ಲ.

ಹೊಗೆಯ ಬಣ್ಣವೂ ಹೇಳುತ್ತದೆ. ಕರಿ ಹೊಗೆಯಾದರೆ ಗಾಳಿ ಸಾಲದು ಅಥವಾ ನಾಜಲ್ ಸರಿಯಿಲ್ಲ. ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಏಟು ತಪ್ಪುತ್ತಿದ್ದರೆ ಡೀಸೆಲ್ ಸುಡದೆಯೇ ಹೊರಹೋಗುತ್ತಿದೆ ಅಥವಾ ನೀರು ಸೇರಿದೆ. ನಾಜಲ್, ವಾಲ್ವು, ರಿಂಗುಗಳ ಕೆಲಸ ಮೆಕ್ಯಾನಿಕನದು. ಗವರ್ನರಿನ ಕಡ್ಡಿಯನ್ನು ಇಂಜಿನ್ ನಿಂತಾಗ ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಸರಾಗವಾಗಿ ಸರಿಯುತ್ತದೆಯೇ ನೋಡಬಹುದು. ಅದರ ಸ್ಪ್ರಿಂಗನ್ನು ಮಾತ್ರ ಬಿಗಿ ಮಾಡಲು ಹೋಗಬೇಡಿರಿ.

ಏರಿಳಿತ ನಿಲ್ಲುವವರೆಗೆ ಮೇವು ಕತ್ತರಿಸುವ ಯಂತ್ರಕ್ಕೆ ಬೆಲ್ಟು ಹಾಕಬೇಡಿರಿ. ವೇಗ ಇಳಿದಾಗ ಕಣಕಿ ಸಿಕ್ಕಿಕೊಳ್ಳುತ್ತದೆ, ನಾವು ಕೈಯಿಂದ ಒತ್ತುತ್ತೇವೆ. ಅದೇ ಕ್ಷಣಕ್ಕೆ ವೇಗ ಏರಿದರೆ ಕಣಕಿಯ ಜೊತೆ ಕೈಯೂ ಒಳಕ್ಕೆ ಹೋಗುತ್ತದೆ.

ಇನ್ನು ಹಾಲು ಕರೆಯುವ ಯಂತ್ರದ ಪೆಟ್ರೋಲ್ ಇಂಜಿನ್. ನಿಧಾನ ಓಟದಲ್ಲಿ ಅದು ಏರಿಳಿಯುತ್ತಿದ್ದರೆ ಚೋಕನ್ನು ಅರ್ಧ ಎಳೆದು ನೋಡಿರಿ. ಓಟ ಸಮವಾದರೆ ಪೆಟ್ರೋಲ್ ಸಾಲುತ್ತಿಲ್ಲ: ಕಾರ್ಬೊರೇಟರಿನ ಸಣ್ಣ ಜೆಟ್ ಕಟ್ಟಿದೆ ಅಥವಾ ಜೋಡಣೆಯಲ್ಲಿ ಗಾಳಿ ಸೋರುತ್ತಿದೆ. ಚೋಕ್ ಎಳೆದಾಗ ಇನ್ನೂ ಕೆಟ್ಟು ಕರಿ ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ನೋಡಿರಿ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದ್ದಾಗಿದ್ದರೆ ಸರಿ, ಒಣ ಮಸಿ ಹಿಡಿದಿದ್ದರೆ ಅದೂ ಪೆಟ್ರೋಲ್ ಹೆಚ್ಚಾದ ಗುರುತೇ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು.

ಈ ಇಂಜಿನ್ ವೇಗ ಕಳೆದುಕೊಂಡರೆ ವ್ಯಾಕ್ಯೂಮ್ ಪಂಪಿನ ಎಳೆತವೂ ಕುಗ್ಗುತ್ತದೆ. ಆಕಳಿಗೆ ಸಾಮಾನ್ಯವಾಗಿ ಗೇಜಿನ ಮುಳ್ಳು 40ರಿಂದ 50 ಕಿಲೋಪಾಸ್ಕಲ್, ಅಂದರೆ ಪಾದರಸದ 300ರಿಂದ 375 ಮಿಲಿಮೀಟರ್ ನಡುವೆ, ಒಂದೇ ಕಡೆ ನಿಂತಿರಬೇಕು. ಚಿಕ್ಕ ವ್ಯತ್ಯಾಸವನ್ನು ರೆಗ್ಯುಲೇಟರ್ ಸರಿಪಡಿಸುತ್ತದೆ, ದೊಡ್ಡದನ್ನಲ್ಲ. ಮುಳ್ಳು ಕುಣಿಯುತ್ತಿದ್ದರೆ ಕಪ್ಪುಗಳು ಜಾರಿ ಗಾಳಿ ಒಳನುಗ್ಗುತ್ತದೆ. ಹಾಲಿನ ಹನಿಗಳು ಹಿಮ್ಮುಖವಾಗಿ ಮೊಲೆತೊಟ್ಟಿನ ತುದಿಗೆ ಅಪ್ಪಳಿಸಿ ರೋಗಾಣುಗಳನ್ನು ಒಳಕ್ಕೆ ತಳ್ಳುತ್ತವೆ. ಒಂದೇ ಯಂತ್ರದಲ್ಲಿ ಕರೆಯುವ ಎರಡು ಮೂರು ಆಕಳುಗಳಿಗೆ ಒಟ್ಟಿಗೆ ಕೆಚ್ಚಲು ಬಾವು ಬಂದರೆ ಔಷಧ ಕೇಳುವುದರೊಂದಿಗೆ ಗೇಜನ್ನೂ ನೋಡಿರಿ. ಇಂಜಿನ್ ಸರಿಯಾಗುವವರೆಗೆ ಕೈಯಿಂದಲೇ ಕರೆಯಿರಿ. ಪ್ರತಿ ಸಲ ಮೊದಲ ಮೂರು ನಾಲ್ಕು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ, ಗೆಡ್ಡೆ ಕಂಡರೆ ಆ ಆಕಳ ಹಾಲನ್ನು ಸಂಘದ ಕ್ಯಾನಿಗೆ ಸೇರಿಸದೆ ಪಶುವೈದ್ಯರಿಗೆ ತಿಳಿಸಿರಿ.

ಯಾವ ಇಂಜಿನ್ನನ್ನೂ ಕೊಟ್ಟಿಗೆಯೊಳಗೆ ಓಡಿಸಬಾರದು. ಹೊಗೆಯ ವಿಷಗಾಳಿ ದನಕ್ಕೂ ಮನುಷ್ಯರಿಗೂ ಮಾರಕ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಇಂಜಿನ್ ಮುಟ್ಟಿದ ಕೈಯನ್ನು ಸೋಪು, ಬಿಸಿನೀರಿನಿಂದ ಎರಡು ಸಲ ತೊಳೆದು ಆಮೇಲೆ ಕೆಚ್ಚಲಿಗೆ ಕೈ ಹಾಕಿರಿ.